ಹನ್ನೊಂದನೇ ಫಾರಂ

ಹತ್ತನೇ ತರಗತಿಯಲ್ಲಿ ನನಗೆ ಬಂದ ಅಂಕ ನನ್ನ ತಂಗಿಗೆ ಬಂದದ್ದಕ್ಕಿಂತ ಹನ್ನೆರಡು ಹೆಚ್ಚು. ಇದನ್ನು ನಾನು ಹೇಳಿಕೊಂಡು ತಿರುಗಿಲ್ಲ. ಒಂದು ದಿನವೂ ಮರೆತಿಲ್ಲ.

ಅಮ್ಮ ಪುಸ್ತಕ ಬೈಂಡಿಂಗ್ ಮಾಡುವ ಕಾರ್ಖಾನೆಯಲ್ಲಿ ಹಾಳೆ ಮಡಚುತ್ತಿದ್ದಳು. ಅವಳ ಕಣ್ಣು ಮಂಜಾಯಿತು. ಮಡಿಕೆ ಓರೆಯಾಗತೊಡಗಿತು. ಮೇಸ್ತ್ರಿ ಅವಳನ್ನು ಎಬ್ಬಿಸಿ ಅದೇ ಜಾಗದಲ್ಲಿ ನನ್ನನ್ನು ನಿಲ್ಲಿಸಿದ. ನನಗಾಗ ಹದಿನಾರು ವರ್ಷ. ತಂಗಿಗೆ ಹತ್ತು. ದೊಡ್ಡವಳು ದುಡಿಯಲಿ, ಚಿಕ್ಕವಳು ಓದಲಿ ಎಂದು ಅಮ್ಮ ತೀರ್ಮಾನ ಮಾಡಿದ್ದಳು. ಅಪ್ಪ ಇರಲಿಲ್ಲ. ಕೇಳಬೇಕಾದದ್ದು ನನ್ನನ್ನು ಮಾತ್ರ. ಕೇಳಲಿಲ್ಲ.

ಕೆಲಸ ಹೀಗೆ. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ ಆಗುತ್ತದೆ. ಅದಕ್ಕೆ ನಾವು ಫಾರಂ ಅನ್ನುತ್ತೇವೆ. ಪ್ರತಿ ಮಡಿಕೆಯನ್ನೂ ಹೆಬ್ಬೆರಳಿನಿಂದ ಒತ್ತಿ ಎಳೆಯಬೇಕು. ಆಮೇಲೆ ಫಾರಂಗಳನ್ನು ಉದ್ದನೆಯ ಮೇಜಿನ ಸುತ್ತ ಗುಡ್ಡೆ ಹಾಕಿ, ಗಾಣದ ಎತ್ತಿನ ಹಾಗೆ ಸುತ್ತುತ್ತ, ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿ ಜೋಡಿಸಬೇಕು. ಒಂದು ಸುತ್ತಿಗೆ ಒಂದು ಪುಸ್ತಕ. ಹೊಲಿಗೆ, ಅಂಟು, ಕಟಿಂಗ್ ಮಷಿನ್ ಆಮೇಲಿನ ಮಾತು. ಕೂರುವ ಹಾಗಿಲ್ಲ. ಎಂಟು ವರ್ಷ ಸುತ್ತಿದೆ. ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ನೋವು ಸೇರಿಕೊಂಡಿತು. ಲೋಟ ಎತ್ತಿದರೆ ಸೂಜಿ ಚುಚ್ಚಿದ ಹಾಗೆ. ಅಮ್ಮನಿಗೆ ಹೇಳಿದೆ. ನನಗೂ ಇತ್ತು, ಅಭ್ಯಾಸ ಆಗುತ್ತೆ ಅಂದಳು.

ತಂಗಿ ನರ್ಸಿಂಗ್ ಕಾಲೇಜಿಗೆ ಸೇರಿದಳು. ಬಿಳಿ ಕೋಟು ಹೊಲಿಸಿದೆವು. ಅದನ್ನು ಇಸ್ತ್ರಿ ಮಾಡುತ್ತಿದ್ದವಳು ನಾನು. ಮಾಡುವಾಗ ಒಂದು ಸಲ, ಮನೆಯಲ್ಲಿ ಯಾರೂ ಇಲ್ಲದಾಗ, ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ತೋಳು ಗಿಡ್ಡವಾಯಿತು. ಬಿಚ್ಚಿಟ್ಟು ಮತ್ತೆ ಇಸ್ತ್ರಿ ಮಾಡಿದೆ.

ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುವವರು ವಿಭಾಗದ ಮುಖ್ಯಸ್ಥರು. ಹುಡುಗಿಯರು ಅವರನ್ನು ದೊಡ್ಡ ಸರ್ ಅನ್ನುತ್ತಿದ್ದರು. ಆ ವಿಷಯದ ಪಠ್ಯಪುಸ್ತಕ ಬರೆದವರೂ ಅವರೇ. ಅದರ ಬೆಲೆ ನನ್ನ ಒಂದೂವರೆ ತಿಂಗಳ ಸಂಬಳ. ಹಿಂದಿನ ವರ್ಷದವರ ಹತ್ತಿರ ಹಳೆಯದನ್ನು ಕೇಳಿ ತಗೋ ಅಂದೆ. ಆಗುವುದಿಲ್ಲ ಅಂದಳು ತಂಗಿ. ಪುಸ್ತಕದ ಕೊನೆಯಲ್ಲಿ ಹರಿದು ಕೊಡುವ ಹಾಳೆಗಳಿರುತ್ತವೆ. ಉತ್ತರ ಅದರಲ್ಲೇ ಬರೆದು ಕೊಡಬೇಕು. ಹಳೆಯ ಪುಸ್ತಕದಲ್ಲಿ ಅವು ಹರಿದುಹೋಗಿರುತ್ತವೆ. ಜೆರಾಕ್ಸ್ ತಗೊಳ್ಳುವುದಿಲ್ಲ. ಅಂಕ ಸೊನ್ನೆ.

ಆ ಹಾಳೆಗಳು ನನಗೆ ಗೊತ್ತಿದ್ದವು. ಹರಿಯಲು ಸುಲಭವಾಗಲಿ ಎಂದು ಅಂಚಿಗೆ ಸಾಲುತೂತು ಹಾಕಿದ ಆ ಹಾಳೆಗಳನ್ನು ಅಂಟಿಸುತ್ತಿದ್ದದ್ದು ನಮ್ಮ ಕಾರ್ಖಾನೆಯಲ್ಲೇ. ದೊಡ್ಡ ಸರ್ ಪುಸ್ತಕದ ಐದು ಮುದ್ರಣಗಳು ನನ್ನ ಹೆಬ್ಬೆರಳಿನ ಕೆಳಗೆ ಹಾದುಹೋಗಿದ್ದವು. ಆರನೆಯದು ಹಾದುಹೋಗುತ್ತಿತ್ತು.

ಅವರ ಕ್ಲಾಸಿನಲ್ಲಿ ಪುಸ್ತಕ ಇಲ್ಲದವರು ಗಂಟೆಯುದ್ದಕ್ಕೂ ನಿಂತಿರಬೇಕು. ಐವತ್ತೆರಡು ಜನರಲ್ಲಿ ಹದಿನಾಲ್ಕು ಜನ ನಿಲ್ಲುತ್ತಿದ್ದರು. ನನ್ನ ತಂಗಿ ಅವರಲ್ಲೊಬ್ಬಳು. ನಿಂತವರಿಗೆ ಬರೆದುಕೊಳ್ಳಲು ಬೆಂಚೂ ಇಲ್ಲ. ಮನೆಗೆ ಬಂದು ಅತ್ತಳು. ಅಮ್ಮ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವಿದಳು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ನಿಜ ಹೇಳುತ್ತೇನೆ. ನನಗೆ ಒಳಗೊಳಗೇ ಹಿತವಾಯಿತು. ನಿಲ್ಲಲಿ, ಗೊತ್ತಾಗಲಿ ಅನ್ನಿಸಿತು. ಒಂದು ಗಂಟೆ ನಿಂತವಳ ಕಾಲಿಗೆ ಇಷ್ಟು ಉಪಚಾರ. ಎಂಟು ವರ್ಷ ನಿಂತ ಕಾಲನ್ನು ಈ ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ.

ಮರುದಿನ ಅವಳೇ ಕೇಳಿದಳು. ಕೆಟ್ಟುಹೋದ ಪ್ರತಿ ಒಂದನ್ನು ತಂದುಕೊಡಕ್ಕ ಅಂದಳು. ಮಸಿ ಮೆತ್ತಿದ ಫಾರಂಗಳನ್ನು ನಾವು ಒಂದು ಮೂಲೆಗೆ ಎಸೆಯುತ್ತಿದ್ದೆವು. ವಾರಕ್ಕೊಮ್ಮೆ ಅವನ್ನು ಮಷಿನ್‌ಗೆ ಕೊಟ್ಟು ನಡುವೆ ಸೀಳುತ್ತಿದ್ದರು. ಸೀಳಿದ ಮೇಲೆ ರದ್ದಿಗೆ. ಇಡಿಯಾಗಿ ಯಾರ ಕೈಗೂ ಹೋಗಬಾರದು. ಹಾಳಾದರೂ ಸರಿ, ಕೊಡುವುದಿಲ್ಲ, ಅಷ್ಟೇ ಕಾರ್ಖಾನೆಯ ಲೆಕ್ಕ.

ಸಂಜೆ ಗೇಟಿನಲ್ಲಿ ಕಾವಲಿನ ಹೆಂಗಸು ನಮ್ಮ ಮೈ ತಡವುತ್ತಿದ್ದಳು. ಎದೆ, ಸೊಂಟ, ತೊಡೆ. ಬೆನ್ನು ಮುಟ್ಟುತ್ತಿರಲಿಲ್ಲ. ನಾನು ಬೆನ್ನಿಗೆ ಒಂದು ಫಾರಂ ಅವುಚಿಟ್ಟು, ಮೇಲೆ ಬಟ್ಟೆ ಬಿಗಿದು ಹೊರಬಂದೆ. ದಿನಕ್ಕೊಂದು. ಪುಸ್ತಕಕ್ಕೆ ಮೂವತ್ತೆಂಟು ಫಾರಂ. ಮೊದಲನೆಯದರಿಂದ ಶುರು ಮಾಡಿದೆ. ಮನೆಗೆ ಬಂದು ಬೆನ್ನಿನಿಂದ ಕೀಳುವಾಗ ಹಾಳೆ ಬೆವರಿಗೆ ಅಂಟಿರುತ್ತಿತ್ತು. ತಂಗಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ಹಾಳೆಯನ್ನೇ ನೋಡುತ್ತಿದ್ದಳು.

ಕೊಡುವ ಮೊದಲು ನಾನು ಓದುತ್ತಿದ್ದೆ. ಊಟದ ಬಿಡುವಿನಲ್ಲಿ, ಅಂಟಿನ ಡಬ್ಬಗಳ ಹಿಂದೆ ಕುಳಿತು. ಅರ್ಧ ತಿಳಿಯುತ್ತಿತ್ತು. ತಿಳಿಯದ್ದನ್ನು ಮತ್ತೆ ಓದುತ್ತಿದ್ದೆ. ಹನ್ನೊಂದನೇ ದಿನ ತೆಗೆದ ಫಾರಂನಲ್ಲಿ ಕೈಯ ಚಿತ್ರವಿತ್ತು. ಚರ್ಮ ಬಿಡಿಸಿದ ಕೈ. ಹೆಬ್ಬೆರಳನ್ನು ಎಳೆಯುವ ಎರಡು ಹುರಿಗಳು ಮಣಿಕಟ್ಟಿನ ಹತ್ತಿರ ಒಂದೇ ಕಿರಿದಾದ ಕೊಳವೆಯೊಳಗೆ ಹಾದು ಹೋಗುತ್ತವೆ ಎಂದು ಬರೆದಿತ್ತು. ಅತಿಯಾಗಿ ದುಡಿದರೆ ಆ ಕೊಳವೆ ಊದಿಕೊಳ್ಳುತ್ತದೆ. ಹುರಿ ಸಿಕ್ಕಿಕೊಂಡು ಉಜ್ಜುತ್ತದೆ. ನಾನು ನನ್ನ ಕೈಯನ್ನು ಆ ಚಿತ್ರದ ಪಕ್ಕಕ್ಕಿಟ್ಟೆ. ಬೆರಳಿಟ್ಟು ಒತ್ತಿದೆ. ಅಲ್ಲೇ. ಸರಿಯಾಗಿ ಅಲ್ಲೇ.

ಆ ಫಾರಂ ಅವಳಿಗೆ ಕೊಡಲಿಲ್ಲ.

ಯಾಕೆ ಎಂದು ಆಗ ಕೇಳಿಕೊಳ್ಳಲಿಲ್ಲ. ನನ್ನ ಕೈಯೊಳಗೆ ಏನಿದೆ ಎನ್ನುವುದನ್ನೂ ಅವಳೇ ಓದಬೇಕೇ, ಅದನ್ನೂ ಅವಳೇ ತಿಳಿದವಳಾಗಬೇಕೇ ಅನ್ನಿಸಿತು. ಹಾಸಿಗೆಯ ಕೆಳಗೆ ಇಟ್ಟೆ. ಇವತ್ತು ಸಿಗಲಿಲ್ಲ ಅಂದೆ. ಅವಳು ನಂಬಿದಳು. ಮುಂದೆ ಆ ಪಾಠದ ಮೇಲೆ ನಡೆದ ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ಆರು ಬಂತು. ಆರು ಎಂದು ಕೇಳಿ ನಾನು ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದೆ. ಮುಖ ಕಾಣಬಾರದಲ್ಲ.

ಆ ಪರೀಕ್ಷೆಗೂ ಮೊದಲೇ, ಹನ್ನೆರಡನೇ ಫಾರಂ ತರುವಾಗ ಸಿಕ್ಕಿಬಿದ್ದಿದ್ದೆ. ಕಾವಲಿನ ಹೆಂಗಸು ಅವತ್ತು ಬೆನ್ನಿಗೆ ಕೈ ಹಾಕಿದಳು. ಯಾರೋ ಹೇಳಿದ್ದರು. ಎಲ್ಲರೆದುರು ನನ್ನ ಬಟ್ಟೆಯೊಳಗಿನಿಂದ ಹಾಳೆ ಎಳೆದಳು. ಮೇಸ್ತ್ರಿ ಅದನ್ನು ನನ್ನ ಕೈಗೇ ಕೊಟ್ಟು, ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು ಗೇಟಿನ ಪಕ್ಕ ನಿಲ್ಲು ಅಂದ. ಎಲ್ಲರೂ ಹೋಗುವವರೆಗೆ. ಎಪ್ಪತ್ತು ಜನ ನನ್ನ ಮುಂದೆ ದಾಟಿ ಹೋದರು. ಕೆಲವರು ನೆಲ ನೋಡಿದರು. ಕೆಲವರು ನನ್ನನ್ನೇ ನೋಡಿದರು.

ಆಗಲೇ ದೊಡ್ಡ ಸರ್ ಕಾರು ಬಂತು. ಆರನೇ ಮುದ್ರಣದ ರಕ್ಷಾಪುಟ ನೋಡಲು ಬಂದಿದ್ದರು. ಏನಿದು ಎಂದು ಕೇಳಿದರು. ಮೇಸ್ತ್ರಿ ಹೇಳಿದ. ಅವರು ನನ್ನ ಕಡೆ ತಿರುಗಲಿಲ್ಲ. ಮೇಸ್ತ್ರಿಯನ್ನೇ ಕೇಳಿದರು.

"ಇವಳಿಗೆ ಓದೋಕೆ ಬರುತ್ತಾ? ರದ್ದಿಗೆ ಮಾರೋಕಿರಬೇಕು."

ಮೇಸ್ತ್ರಿ ನಕ್ಕ. ನಾನು ಕೈ ಇಳಿಸಿದೆ.

"ಬರುತ್ತೆ ಸರ್," ಅಂದೆ. "ಐದನೇ ಮುದ್ರಣದ ಎಂಟನೇ ಪಾಠ ಆರನೇದ್ರಲ್ಲಿ ಹತ್ತಕ್ಕೆ ಹೋಗಿದೆ. ಹತ್ತು ಎಂಟಕ್ಕೆ ಬಂದಿದೆ. ಪ್ರಶ್ನೆಗಳ ನಂಬರು ತಿರುಗಿಸಿದೀರ. ಉಳಿದದ್ದು ಹಾಗೇ ಇದೆ. ಇಪ್ಪತ್ತೇಳನೇ ಪುಟದಲ್ಲಿ ಅಪಧಮನಿ ಅನ್ನೋದರ ಧ ಅಕ್ಷರಕ್ಕೆ ಅದರಲ್ಲೂ ಹೊಟ್ಟೆ ಸೀಳಿಲ್ಲ, ಇದರಲ್ಲೂ ಸೀಳಿಲ್ಲ. ಜೋಡಿಸೋದು ನಾನೇ ಸರ್. ನನಗೆ ಗೊತ್ತಾಗುತ್ತೆ."

ಅವರ ಮುಖ ಹೇಗಾಯಿತು ಎಂದು ವರ್ಣಿಸುವುದಿಲ್ಲ. ಕಾರಿನ ಬಾಗಿಲು ಹಾಕಿ ಕಾರ್ಖಾನೆಯೊಳಗೆ ಹೋದರು.

ಬೆಳಗ್ಗೆ ಮೇಸ್ತ್ರಿ ಒಂದು ಕಾಗದ ಮುಂದಿಟ್ಟ. ನಾನು ಕಳ್ಳಿ, ತಪ್ಪಾಯಿತು, ಅರ್ಧ ಸಂಬಳಕ್ಕೆ ಅಂಟು ಕಲಸುವ ಕೆಲಸ ಒಪ್ಪಿಕೊಂಡಿದ್ದೇನೆ ಎಂದು ಅದರಲ್ಲಿತ್ತು. ಸಹಿ ಹಾಕು ಅಂದ. ಮನೆಯ ನೆನಪಾಯಿತು. ಅಮ್ಮನ ಕಣ್ಣಿನ ನೆನಪಾಯಿತು. ಪೆನ್ನು ಕೈಗೆ ತಗೊಂಡೆ ಕೂಡ.

"ರದ್ದಿ ತಗೊಂಡೆ ಅಂತ ಬರೀರಿ, ಹಾಕ್ತೀನಿ," ಅಂದೆ. "ಕಳ್ಳಿ ಅಂತಾನೇ ಬರೀಬೇಕು ಅಂದ್ರೆ, ಹಳೇದನ್ನೇ ಹೊಸ ಮುದ್ರಣ ಅಂತ ಮಾರೋರ ಸಹಿ ಮೊದಲು ಹಾಕಿಸ್ಕೊಂಡು ಬನ್ನಿ. ಅದರ ಕೆಳಗೆ ನಾನು ಹಾಕ್ತೀನಿ."

ಪೆನ್ನು ಮೇಜಿನ ಮೇಲಿಟ್ಟು ಹೊರಟೆ. ಮನೆ ಮುಟ್ಟುವವರೆಗೂ ಧೈರ್ಯ ಇತ್ತು. ಬಾಗಿಲು ಕಂಡ ಕೂಡಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಒಂದು ತಿಂಗಳು ಬೇರೆ ಬೇರೆ ಬೈಂಡಿಂಗ್ ಕಾರ್ಖಾನೆಗಳಿಗೆ ಅಲೆದೆ. ಎಲ್ಲೂ ಸೇರಿಸಲಿಲ್ಲ. ಮೇಸ್ತ್ರಿ ಮೇಸ್ತ್ರಿಗಳೇ ಮಾತಾಡಿಕೊಂಡಿದ್ದರು. ತಂಗಿ ಕ್ಲಾಸಿನಲ್ಲಿ ನಿಲ್ಲುತ್ತಲೇ ಇದ್ದಳು. ಅವಳಿಂದಲೇ ಕೆಲಸ ಹೋಯಿತು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಪಾತ್ರೆ ಕುಕ್ಕಿ ಹೇಳಿದೆ.

ಒಂದು ದಿನ ಅವಳ ಜೊತೆ ಒಬ್ಬರು ಟೀಚರ್ ಬಂದರು. ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ. ಎಂಟು ತಿಂಗಳಿಗೊಮ್ಮೆ ಹೊಸ ಆದೇಶ ಬರಬೇಕು. ಅಮ್ಮ ಅವರನ್ನು ಟೀಚರಮ್ಮ ಅಂದಳು. ಕೈಯಲ್ಲೊಂದು ಕಾಗದದ ಕಟ್ಟು. ಅವರು ಹೇಳಿದ್ದು ನನಗೆ ಮೊದಲು ನಂಬಿಕೆಯಾಗಲಿಲ್ಲ. ಇಂಟರ್‌ನೆಟ್‌ನಲ್ಲಿ ಕೆಲವು ಪಠ್ಯಪುಸ್ತಕಗಳಿವೆ, ಬರೆದವರೇ ಅವುಗಳ ಮೊದಲ ಪುಟದಲ್ಲಿ ಅನುಮತಿ ಬರೆದಿಟ್ಟಿದ್ದಾರೆ ಅಂದರು. ಯಾರು ಬೇಕಾದರೂ ಓದಬಹುದು, ಅಚ್ಚು ಹಾಕಬಹುದು, ತಿದ್ದಬಹುದು, ಸೇರಿಸಬಹುದು, ಹಂಚಬಹುದು. ಎಲ್ಲಿಂದ ತೆಗೆದುಕೊಂಡದ್ದು ಎಂದು ಹೇಳಿದರೆ ಸಾಕು. ಅಂಥದ್ದೊಂದನ್ನು ಅವರು ನಮ್ಮ ಭಾಷೆಗೆ ತಂದಿದ್ದರು. ಹುಡುಗಿಯರ ಕೈಲೂ ಅಲ್ಲಲ್ಲಿ ಬರೆಸಿದ್ದರು. ಪಾಠ ಅದೇ ಪಾಠ. ಮೈಯೊಳಗಿನ ಮೂಳೆ ದೊಡ್ಡ ಸರ್ ಸ್ವಂತ ಆಸ್ತಿಯಲ್ಲವಲ್ಲ ಅಂದರು.

ಮೊಬೈಲ್‌ನಲ್ಲಿ ಓದುವವರು ಓದುತ್ತಾರೆ. ಮೊಬೈಲ್ ಇಲ್ಲದವರಿಗೆ, ಅಪ್ಪನ ಮೊಬೈಲು ಸಂಜೆ ಮಾತ್ರ ಸಿಗುವವರಿಗೆ, ಕಾಗದದ ಪುಸ್ತಕ ಬೇಕು. ಅಚ್ಚು ಹಾಕಿಸಬಹುದು. ಬೈಂಡಿಂಗ್ ಮಾಡುವವರು ಬೇಕು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ನಾನು ಕಂಡಿದ್ದೇನೆ. ಬಿಟ್ಟಿ ಅನ್ನುವ ಮಾತು ಬಂದರೆ ಯಾರದೋ ಬೆನ್ನು ಬಗ್ಗುತ್ತದೆ ಅನ್ನುವುದೂ ಗೊತ್ತು. "ಪುಸ್ತಕ ಬಿಟ್ಟಿ ಇರಬಹುದು ಟೀಚರ್. ನನ್ನ ಕೈ ಬಿಟ್ಟಿ ಅಲ್ಲ," ಅಂದೆ. ತಂಗಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಟೀಚರ್ ತಗ್ಗಿಸಲಿಲ್ಲ. ಕಾರ್ಖಾನೆಯಲ್ಲಿ ಪುಸ್ತಕಕ್ಕೆ ಎಷ್ಟು ಬೀಳುತ್ತಿತ್ತು, ನ್ಯಾಯವಾಗಿ ಎಷ್ಟು ಬೀಳಬೇಕು ಎಂದು ಕೇಳಿದರು. ನ್ಯಾಯವಾದದ್ದನ್ನು ಹೇಳಿದೆ. ಒಪ್ಪಿದರು. ಕಾಗದ, ಅಚ್ಚು, ನನ್ನ ಕೂಲಿ ಎಲ್ಲ ಸೇರಿಸಿ ಹುಡುಗಿಯರು ಹಂಚಿಕೊಂಡರೂ ದೊಡ್ಡ ಸರ್ ಪುಸ್ತಕದ ಬೆಲೆಯ ಹನ್ನೆರಡರಲ್ಲಿ ಒಂದು ಪಾಲೂ ಆಗಲಿಲ್ಲ.

ನಮ್ಮ ಮನೆಯ ನಡುಕೋಣೆ ಕಾರ್ಖಾನೆಯಾಯಿತು. ಅಮ್ಮ ಕಣ್ಣು ಮುಚ್ಚಿಕೊಂಡೇ, ಅವಸರವಿಲ್ಲದೆ ಮಡಚಿದಳು. ಅವಳ ಬೆರಳಿಗೆ ಅಂಚು ಕಾಣುತ್ತಿತ್ತು. ತಂಗಿ ಮತ್ತು ಅವಳ ಮೂವರು ಗೆಳತಿಯರು ಕುಳಿತರು. ಮಡಚುವುದನ್ನು ನಾನೇ ಕಲಿಸಿದೆ. ಒಂದು ದಿನದ ಮಟ್ಟಿಗೆ ನಾನು ದೊಡ್ಡವಳಾಗಿದ್ದೆ. ಎರಡನೇ ದಿನದಿಂದ ಅವರು ತಮ್ಮ ಪಾಠದ ಮಾತು ಶುರು ಮಾಡಿದರು. ನನಗೆ ತಿಳಿಯದ ಹೆಸರುಗಳು. ಕಾಲೇಜಿನ ಜೋಕುಗಳು. ಒಬ್ಬಳು ಅರ್ಧ ಹೇಳಿದರೆ ಮಿಕ್ಕವರು ನಗುತ್ತಿದ್ದರು. ನಾನು ಸೂಜಿಗೆ ದಾರ ಪೋಣಿಸುತ್ತ ಕುಳಿತೆ.

ಮೂರನೇ ದಿನ ಕೈಯ ಪಾಠದ ಹಾಳೆ ಮಡಚುತ್ತಿದ್ದೆ. ಪುಟದ ಕೆಳಗೆ ಗೆರೆ ಹಾಕಿದ ಚೌಕದಲ್ಲಿ ಏನೋ ಬೇರೆಯಾಗಿ ಬರೆದಿತ್ತು. ಒಬ್ಬ ಬೈಂಡಿಂಗ್ ಕೆಲಸಗಾರ್ತಿಯ ಹೆಬ್ಬೆರಳು. ಅವಳಿಗೆ ಲೋಟ ಎತ್ತಲಾಗುವುದಿಲ್ಲ. ಜಡೆ ಹಾಕಿಕೊಳ್ಳುವಾಗ ಮುಖ ಕಿವುಚುತ್ತಾಳೆ. ಭಾರದ ಕಟ್ಟುಗಳನ್ನು ಎತ್ತಿದ್ದರಿಂದ ಹೀಗಾಗಿದೆ. ಕೆಳಗೆ ತಂಗಿಯ ಹೆಸರು.

ಹಾಳೆ ಕೆಳಗಿಟ್ಟೆ. ಗೆಳತಿಯರು ಇದ್ದರು. ಟೀಚರೂ ಇದ್ದರು. ಇರಲಿ ಅಂದುಕೊಂಡೆ.

"ನೋವು ನಂದು. ಹೆಸರು ನಿಂದು," ಅಂದೆ. "ಕೋಟು ನಿಂದು, ಕಾಲೇಜು ನಿಂದು. ಅಮ್ಮ ನೀವೋ ಕಾಲೂ ನಿಂದೇ. ನನಗೆ ಅಂತ ಇದ್ದದ್ದು ಇದೊಂದು ನೋವು. ಅದನ್ನೂ ತಗೊಂಡೆಯಾ? ಅದೂ ತಪ್ಪು ತಪ್ಪಾಗಿ. ಭಾರ ಎತ್ತಿ ಬಂದದ್ದಲ್ಲ ಇದು. ಒತ್ತಿ ಎಳೆದು ಬಂದದ್ದು."

ತಂಗಿಯ ಕಣ್ಣು ತುಂಬಿತು. ಆದರೆ ಅವಳು ಎದ್ದು ಹೋಗಲಿಲ್ಲ.

"ಆ ಪಾಠದ ಫಾರಂ ನನಗೆ ಸಿಗಲೇ ಇಲ್ವಲ್ಲಕ್ಕ," ಅಂದಳು. "ಪರೀಕ್ಷೆಲೂ ಹೋಯ್ತು. ಪುಸ್ತಕದಲ್ಲಿ ಇಲ್ಲದ್ದನ್ನ ಎಲ್ಲಿ ನೋಡಲಿ? ನಿನ್ನ ಕೈನೇ ನೋಡ್ತಾ ಕೂತ್ಕೋತಿದ್ದೆ. ನೋಡಿ ನೋಡಿ ಬರೆದೆ."

ಎದ್ದು ಹೋಗಿ ಹಾಸಿಗೆ ಎತ್ತಿ ಆ ಫಾರಂ ತಂದೆ. ಬೆವರಿನ ಕಲೆ ಒಣಗಿ ಹಳದಿಯಾಗಿತ್ತು. ಅವಳ ಮಡಿಲಿಗೆ ಹಾಕಿದೆ. ಅವಳು ಪುಟದ ಸಂಖ್ಯೆ ನೋಡಿದಳು. ನನ್ನನ್ನು ನೋಡಿದಳು. ಅಮ್ಮ ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದಳು.

"ಕೇಳಿದ್ರೆ ನಾನೇ ಓದಿ ಹೇಳ್ತಿದ್ದೆ," ಅಂದಳು ಕೊನೆಗೆ.

"ನೀನು ಓದಿ ಹೇಳೋದು ನನಗೆ ಬೇಡವಾಗಿತ್ತು."

ಕ್ಷಮಿಸು ಅನ್ನಬೇಕಿತ್ತು. ಬರಲಿಲ್ಲ.

ಟೀಚರ್ ಇಬ್ಬರ ನಡುವೆ ನ್ಯಾಯ ಹೇಳಲು ಬರಲಿಲ್ಲ. ಪುಸ್ತಕದ ಮೊದಲ ಪುಟ ತೆರೆದು ನನ್ನ ಮುಂದಿಟ್ಟರು. ಯಾರು ಬೇಕಾದರೂ ತಿದ್ದಬಹುದು ಎಂದು ಬರೆದಿತ್ತು. ತಪ್ಪು ಅಂತೀರಲ್ಲ, ಸರಿಯಾದದ್ದು ಬರೆದುಕೊಡಿ ಅಂದರು. ಎಂಟು ವರ್ಷದಿಂದ ಸಹಿ ಬಿಟ್ಟರೆ ನಾನು ಏನೂ ಬರೆದಿರಲಿಲ್ಲ. ಮಧ್ಯಾಹ್ನವಿಡೀ ಕುಳಿತು ಅರ್ಧ ಪುಟ ಬರೆದೆ. ಒಂದು ದಿನಕ್ಕೆ ಎಷ್ಟು ಮಡಿಕೆ, ಎಷ್ಟು ಸಲ ಹೆಬ್ಬೆರಳು ಒತ್ತುತ್ತದೆ, ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ, ಮೇಸ್ತ್ರಿಗೆ ಹೇಳಿದರೆ ಏನನ್ನುತ್ತಾನೆ. ಹೆಸರು ಹಾಕಬೇಕಾ ಎಂದು ಟೀಚರ್ ಕೇಳಿದರು. ಪೂರ್ತಿ ಹಾಕಿ ಅಂದೆ. ಆ ಒಂದು ಹಾಳೆಯನ್ನು ಮತ್ತೆ ಅಚ್ಚು ಹಾಕಿಸಿದರು.

ತಂಗಿ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಮಡಚುವುದಕ್ಕೆ ಮಾತ್ರ ದಿನವೂ ಬಂದು ಕುಳಿತಳು.

ಮುಂದೆ ಕಾಲೇಜಿನಲ್ಲಿ ಆದದ್ದನ್ನು ನಾನು ಕೇಳಿದ್ದು, ಕಂಡದ್ದಲ್ಲ. ಪುಸ್ತಕ ಇಲ್ಲದವರು ನಿಲ್ಲಿ ಎಂದು ದೊಡ್ಡ ಸರ್ ಹೇಳಿದಾಗ ನಲವತ್ತೊಂದು ಜನ ಎದ್ದು ನಿಂತರಂತೆ. ಅವರ ಪುಸ್ತಕ ಕೊಂಡಿದ್ದವರೂ ಅದನ್ನು ಚೀಲದಲ್ಲಿಟ್ಟು ನಿಂತಿದ್ದರು. ಕೈಯಲ್ಲಿ ನಾನು ಹೊಲಿದ ಪುಸ್ತಕ. ಉತ್ತರಗಳನ್ನು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರು. ದೊಡ್ಡ ಸರ್ ಆ ಕಟ್ಟನ್ನು ನೆಲಕ್ಕೆಸೆದರು. ಎತ್ಕೊಳ್ಳಿ ಅಂದರು. ಯಾರೂ ಬಗ್ಗಲಿಲ್ಲ. ಅವರು ಅವುಗಳನ್ನು ತುಳಿದುಕೊಂಡೇ ಹೊರಗೆ ಹೋದರು. ಆಮೇಲೆ ಗುಡಿಸುವ ಹೆಂಗಸು ಬಂದು, ಇದು ಕಸವಾ, ಬರಹವಾ ಎಂದು ಕೇಳಿ, ಬರಹ ಅಂದಾಗ ಒಟ್ಟುಮಾಡಿ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟು ಬಂದಳು. ಹಾಳೆಗಳ ಮೇಲೆ ಬೂಟಿನ ಗುರುತಿತ್ತು. ಹುಡುಗಿಯರು ಒಂಬತ್ತು ದಿನ ಹಾಗೇ ನಿಂತರು. ಹತ್ತನೇ ದಿನ ಬಿಳಿ ಹಾಳೆಯ ಉತ್ತರವನ್ನೂ ತೆಗೆದುಕೊಳ್ಳಬೇಕು ಎಂದು ಪ್ರಿನ್ಸಿಪಾಲರ ಆದೇಶ ಬಂತು.

ತಂಗಿ ಇದನ್ನು ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ನಾನು ಗೇಟಿನ ಪಕ್ಕ ಒಬ್ಬಳೇ ನಿಂತಿದ್ದೆ. ಅವಳು ನಲವತ್ತು ಜನರ ಜೊತೆ ನಿಂತಿದ್ದಳು. ಆ ಸಾಲಿನಲ್ಲಿ ನಾನಿರಲಿಲ್ಲ ಎಂದು ಮೈ ಉರಿಯಿತು.

ಟೀಚರ್‌ಗೆ ಮುಂದಿನ ಆದೇಶ ಬರಲಿಲ್ಲ. ಯಾರೂ ಕಾರಣ ಹೇಳಲಿಲ್ಲ. ಬೇರೆ ಊರಿನ ಕಾಲೇಜೊಂದರಲ್ಲಿ, ಇದಕ್ಕಿಂತ ಕಡಿಮೆ ಸಂಬಳಕ್ಕೆ ಸೇರಿದರು. ಹೋಗುವಾಗ ನಾಲ್ಕು ಪ್ರತಿ ತಗೊಂಡು ಹೋದರು. ಕೊಟ್ಟ ಮಾತಿನಂತೆ ನನ್ನ ಕೂಲಿಯ ಕೊನೆಯ ಪಾಲನ್ನೂ ಕೊಟ್ಟೇ ಹೋದರು. ದೊಡ್ಡ ಸರ್ ಅದೇ ಕುರ್ಚಿಯಲ್ಲಿದ್ದಾರೆ. ಅವರ ಏಳನೇ ಮುದ್ರಣ ಇನ್ನೂ ಬಂದಿಲ್ಲ ಎಂದು ಕಾರ್ಖಾನೆಯ ಹಳೆಯ ಗೆಳತಿ ಹೇಳಿದಳು. ನಾನು ಮನೆಯಲ್ಲೇ ಹೊಲಿಯುತ್ತೇನೆ. ಕಾಲೇಜಿನ ಹೊಸ ಹುಡುಗಿಯರು ಬರುತ್ತಾರೆ. ಕೆಲಸ ಕೆಲವು ತಿಂಗಳು ಇರುತ್ತದೆ, ಕೆಲವು ತಿಂಗಳು ಇರುವುದಿಲ್ಲ.

ಮೊನ್ನೆ ಟೀಚರ್ ಅಂಚೆಯಲ್ಲಿ ಒಂದು ಪುಸ್ತಕ ಕಳಿಸಿದರು. ಅಲ್ಲಿನ ಹುಡುಗಿಯರು ತಿದ್ದಿ, ಸೇರಿಸಿ, ತಾವೇ ಅಚ್ಚು ಹಾಕಿಸಿದ ಪ್ರತಿ. ಹೊಲಿಗೆ ಸಡಿಲವಾಗಿತ್ತು. ಮೊದಲು ಅದನ್ನೇ ನೋಡಿದೆ. ಆಮೇಲೆ ಕೈಯ ಪಾಠ ತೆಗೆದೆ. ನನ್ನ ಅರ್ಧ ಪುಟ ಇತ್ತು. ಹೆಸರೂ ಇತ್ತು. ಅದರ ಕೆಳಗೆ ಇನ್ನೊಬ್ಬಳು ಬರೆದಿದ್ದಳು. ಅಂಗಿಗೆ ಕಾಜ ಹೊಲಿಯುವವಳು. ದಿನಕ್ಕೆ ಎಂಟುನೂರು ಗುಂಡಿತೂತು. ಅವಳ ತೋರುಬೆರಳು ಮಡಚಿದರೆ ಬಿಚ್ಚುವುದಿಲ್ಲ. ಕೂಸಿಗೆ ಹಾಲೂಡಿಸುವಾಗ ಇನ್ನೊಂದು ಕೈಯಿಂದ ಆ ಬೆರಳನ್ನು ಬಿಡಿಸಿಕೊಂಡು, ಆಮೇಲೆ ಕೂಸಿನ ತಲೆ ಹಿಡಿಯುತ್ತೇನೆ ಎಂದು ಬರೆದಿದ್ದಳು. ಎಷ್ಟು ಸಾಲು ಬರೆದಿದ್ದಳೋ ಅಷ್ಟೂ ನೆಟ್ಟಗಿದ್ದವು. ಒಂದು ಮಾತು ಹೆಚ್ಚಿಲ್ಲ.

ತಂಗಿ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಇವಳು ಚೆನ್ನಾಗಿ ಬರೀತಾಳೆ ಅಕ್ಕ," ಅಂದಳು. ಇನ್ನೊಮ್ಮೆ ಓದಿ, "ನಿನಗಿಂತ," ಅಂದಳು.

ಹೌದು. ನನಗಿಂತ ಚೆನ್ನಾಗಿತ್ತು. ಮುಖ ಕಾಣದ, ಊರು ತಿಳಿಯದ ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಗುಡ್ಡೆಯಿಂದ ಖಾಲಿ ಹಾಳೆ ಒಂದನ್ನು ಎಳೆದುಕೊಂಡೆ. ನನ್ನ ಅರ್ಧ ಪುಟವನ್ನು ಪಕ್ಕಕ್ಕಿಟ್ಟುಕೊಂಡು, ಮೊದಲ ಸಾಲು ಹೊಡೆದು ಹಾಕಿ, ಮತ್ತೆ ಬರೆಯಲು ಕುಳಿತೆ.